ಹಿಂದೆ ಮುಂದೆ ಯಾರೂ ಇಲ್ಲದ ಹಿರಿಯರ ಮನೆ ಆರೈಕೆ: ಯಾವ ದಾರಿ ಯಾರಿಗೆ ಹೊಂದುತ್ತದೆ?

ಟೀಚರ್ ಆಸ್ಪತ್ರೆಯಿಂದ ಮನೆಗೆ ಬಂದ ದಿನ ನನ್ನ ಕೈಯಲ್ಲಿ ಮೂರು ವಸ್ತು ಇದ್ದವು. ಡಿಸ್ಚಾರ್ಜ್ ಸಮರಿ, ಹನ್ನೊಂದು ಬಗೆಯ ಮಾತ್ರೆ ತುಂಬಿದ ಕವರು, ಅವರ ಮನೆಯ ಬೀಗದ ಕೈ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. "ಇವರನ್ನು ನೋಡಿಕೊಳ್ಳೋರು ಯಾರು?" ಎಂದು ನರ್ಸ್ ಕೇಳಿದರು. ಟೀಚರ್ ಮದುವೆಯಾಗಿರಲಿಲ್ಲ. ಇದ್ದ ಒಬ್ಬ ಅಣ್ಣ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ನಾನು ಪಕ್ಕದ ಮನೆಯವಳು. "ನಾನೇ" ಅಂದೆ. ಅಂದಮೇಲೆ ಮುಂದೇನು ಅಂತ ನನಗೆ ಗೊತ್ತಿರಲಿಲ್ಲ.

ಆಮೇಲಿನ ಎರಡೂವರೆ ವರ್ಷದಲ್ಲಿ ಹೆಚ್ಚುಕಮ್ಮಿ ಎಲ್ಲ ದಾರಿಗಳನ್ನೂ ನೋಡಿದೆವು. ಗೆಳೆಯರ ಸರದಿ, ಹಗಲು ಬಂದು ಹೋಗುವವರು, ಏಜೆನ್ಸಿ, ಮನೆಯಲ್ಲೇ ಉಳಿಯುವವರು, ಕೊನೆಗೆ ಮನೆಗೇ ಬರುವ ವೈದ್ಯಕೀಯ ತಂಡ. ಈಗ ಇದೇ ಪ್ರಶ್ನೆ ಹಿಡಿದು ಬೇರೆಯವರು ನನ್ನನ್ನು ಕೇಳುತ್ತಾರೆ. ಒಬ್ಬರಿಗೆ ಹಳೆಯ ಸಹೋದ್ಯೋಗಿಯ ಚಿಂತೆ. ಇನ್ನೊಬ್ಬರಿಗೆ ಎದುರು ಮನೆಯ ಅಜ್ಜನ ಚಿಂತೆ. ಕೆಲವರು ತಮಗಾಗಿಯೇ ಕೇಳುತ್ತಾರೆ, ಮುಂದೆ ನನಗೆ ಯಾರು ಅಂತ.

ಎಲ್ಲರಿಗೂ ನಾನು ಮೊದಲು ಹೇಳುವುದು ಒಂದೇ. ಕೆಲಸ ಮಾಡುವ ಕೈ ದುಡ್ಡು ಕೊಟ್ಟರೆ ಸಿಗುತ್ತದೆ. ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ ಗಮನಿಸುವ, ಡಾಕ್ಟರಿಗೆ ಉತ್ತರ ಕೊಡುವ, ಕೆಲಸದವರು ಬರದ ದಿನ ಎದ್ದು ಹೋಗುವ ಒಬ್ಬರು ದುಡ್ಡಿಗೆ ಸಿಗುವುದು ಕಷ್ಟ. ಕುಟುಂಬ ಇರುವ ಮನೆಯಲ್ಲಿ ಆ ಜಾಗ ತಾನಾಗಿಯೇ ತುಂಬಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಅದನ್ನು ನಾವೇ ತುಂಬಬೇಕು. ಯಾವ ದಾರಿ ಆರಿಸಿದರೂ ಆ ಒಬ್ಬರು ಯಾರು ಎಂದು ಹೆಸರು ಹಿಡಿದು ಹೇಳುವಂತಿರಬೇಕು.

ಮೊದಲು ಅಳತೆ

ಆಯ್ಕೆಗೆ ಕೈ ಹಾಕುವ ಮೊದಲು ಮೂರು ದಿನ ಒಂದು ನೋಟ್‌ಬುಕ್ ಇಟ್ಟು ಬರೆಯಿರಿ. ಯಾವ ಹೊತ್ತಿಗೆ ಯಾವುದಕ್ಕೆ ಸಹಾಯ ಬೇಕಾಯಿತು, ಅಷ್ಟೇ. ಈ ಮೂರು ದಿನದ ಪುಟಗಳು ನಿಮ್ಮ ಅರ್ಧ ಗೊಂದಲ ಬಿಡಿಸುತ್ತವೆ.

ಬರೆಯುವಾಗ ಎರಡು ಬಗೆಯ ಕೆಲಸ ಬೇರೆ ಮಾಡಿ. ಮೈಗೆ ಸಂಬಂಧಿಸಿದವು ಆರು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಪಾಯಿಖಾನೆಗೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಒಂದಕ್ಕೆ ಎರಡಕ್ಕೆ ತಡೆದುಕೊಳ್ಳುವುದು, ತಾನೇ ಊಟ ಮಾಡುವುದು. 1963ರಲ್ಲಿ ಸಿಡ್ನಿ ಕ್ಯಾಟ್ಜ್ ಎಂಬ ವೈದ್ಯರು ಮತ್ತು ಅವರ ಜೊತೆಗಾರರು ಪ್ರಕಟಿಸಿದ ಪಟ್ಟಿ ಇದು. ಆಸ್ಪತ್ರೆಗಳಲ್ಲಿ ಈಗಲೂ ಇದನ್ನೇ ಕೇಳುತ್ತಾರೆ. ಇನ್ನೊಂದು ಬಗೆ ಮನೆ ನಡೆಸುವ ಕೆಲಸ. ಅಡುಗೆ, ಅಂಗಡಿ, ಬಟ್ಟೆ ಒಗೆಯುವುದು, ಫೋನು, ಓಡಾಟ, ಮಾತ್ರೆ, ಹಣಕಾಸು. ಎರಡನೇ ಬಗೆಯಲ್ಲಿ ಮಾತ್ರ ತೊಂದರೆ ಇದ್ದರೆ ಗೆಳೆಯರ ಸರದಿ ಮತ್ತು ವಾರಕ್ಕೆ ಕೆಲವು ಗಂಟೆ ಸಹಾಯದಲ್ಲಿ ಸಾಗುತ್ತದೆ. ಮೊದಲ ಆರರಲ್ಲಿ ಎರಡು ಮೂರು ಕೈಬಿಟ್ಟಿವೆ ಅಂದರೆ ದಿನವೂ ಬರುವ ಕೈ ಬೇಕೇ ಬೇಕು.

ಆಮೇಲೆ ರಾತ್ರಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಏಕೆಂದರೆ ಎಲ್ಲರೂ ಹಗಲಿನ ಲೆಕ್ಕ ಹಾಕಿ ಹಗಲಿಗೆ ಮಾತ್ರ ಜನ ಹುಡುಕುತ್ತಾರೆ. ವಾರಕ್ಕೆ 168 ಗಂಟೆ. ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ದಿನವೂ ಒಬ್ಬರು ಇದ್ದರೂ ಅದು 70 ಗಂಟೆ. ಉಳಿದ 98 ಗಂಟೆ ಆ ಜೀವ ಒಂಟಿಯಾಗಿ ಮಲಗಿರುತ್ತದೆ. ಕತ್ತಲಲ್ಲಿ ಬಾತ್‌ರೂಮಿಗೆ ಎದ್ದು ಬೀಳುವುದು ಆ ಹೊತ್ತಿನಲ್ಲೇ. ಬಿದ್ದ ಪೆಟ್ಟಿಗಿಂತ ಬಿದ್ದಲ್ಲೇ ಗಂಟೆಗಟ್ಟಲೆ ಉಳಿಯುವುದು ಹಲವು ಸಲ ಜಾಸ್ತಿ ಅಪಾಯ. ಮೈ ತಣ್ಣಗಾಗುತ್ತದೆ, ನೀರಿಲ್ಲದೆ ಒಣಗುತ್ತದೆ, ಒತ್ತಿದ ಜಾಗದ ಮಾಂಸಖಂಡ ಹಾಳಾಗಿ ಮೂತ್ರಪಿಂಡಕ್ಕೆ ಏಟು ಬೀಳುತ್ತದೆ. ಹಾಗಾಗಿ ನೋಟ್‌ಬುಕ್‌ನಲ್ಲಿ ರಾತ್ರಿ ಎಷ್ಟು ಸಲ ಎದ್ದರು ಎಂಬುದನ್ನು ತಪ್ಪದೆ ಬರೆಯಿರಿ. ಒಂದೆರಡು ಸಲ ಅಂದರೆ ಒಂದು ದಾರಿ, ನಾಲ್ಕೈದು ಸಲ ಅಂದರೆ ಬೇರೆಯೇ ದಾರಿ.

ಮೂರನೆಯದು ಸಹಿ. ಆಪರೇಷನ್‌ಗೆ ಒಪ್ಪಿಗೆ ಯಾರು ಕೊಡಬೇಕು? ಬ್ಯಾಂಕಿನಿಂದ ದುಡ್ಡು ಯಾರು ತೆಗೆಯಬೇಕು? ನೆರೆಯವರಿಗೆ, ಗೆಳೆಯರಿಗೆ ಕಾನೂನು ತಾನಾಗಿ ಯಾವ ಹಕ್ಕನ್ನೂ ಕೊಡುವುದಿಲ್ಲ. ನೀವು ಹಗಲೂ ರಾತ್ರಿ ಸೇವೆ ಮಾಡಿದ್ದರೂ ಅಷ್ಟೇ. ಬುದ್ಧಿ ಚುರುಕಾಗಿರುವಾಗಲೇ ಅವರು ಕಾಗದದ ಮೇಲೆ ಹೇಳಿರಬೇಕು: ಚಿಕಿತ್ಸೆಯ ವಿಷಯದಲ್ಲಿ ನನ್ನ ಪರವಾಗಿ ಮಾತಾಡುವವರು ಇವರು, ಹಣದ ವಿಷಯದಲ್ಲಿ ಇವರು, ಇಂಥ ಚಿಕಿತ್ಸೆ ಬೇಕು, ಇಂಥದ್ದು ಬೇಡ. ಒಂದು ಎಚ್ಚರ. ಸಾಮಾನ್ಯ ಪವರ್ ಆಫ್ ಅಟಾರ್ನಿ ಬಹಳ ಕಡೆ ಬರೆದುಕೊಟ್ಟವರ ತಿಳಿವು ತಪ್ಪಿದ ಮೇಲೆ ನಡೆಯುವುದಿಲ್ಲ. ಅದು ಬೇಕಾಗುವುದು ಆಗಲೇ ಅಲ್ವಾ? ತಿಳಿವು ತಪ್ಪಿದ ಮೇಲೂ ನಡೆಯುವ ವ್ಯವಸ್ಥೆ ಯಾವುದು ಎಂದು ವಕೀಲರ ಹತ್ತಿರ ನೇರವಾಗಿ ಕೇಳಿ. ಜನ ಹುಡುಕುವುದಕ್ಕಿಂತ ಮುಂಚೆ ಮಾಡಬೇಕಾದ ಕೆಲಸ ಇದು.

ಉಳಿದ ಮೂರನ್ನು ಬೇಗ ಹೇಳುತ್ತೇನೆ. ಕೆಲಸದವರು ಬರದ ದಿನ ಯಾರು ಬರುತ್ತಾರೆ? ಈಗಿರುವ ದುಡ್ಡು ಈ ಖರ್ಚಿನಲ್ಲಿ ಎಷ್ಟು ತಿಂಗಳು ಬರುತ್ತದೆ? ತಿಂಗಳಿಗೆ ಎಷ್ಟು ಅನ್ನುವುದರ ಜೊತೆಗೆ ಎಷ್ಟು ತಿಂಗಳಿಗೆ ಅನ್ನುವುದನ್ನೂ ಕೇಳಿಕೊಳ್ಳಿ. ಮತ್ತೆ, ಅವರಿಗೆ ಏನು ಇಷ್ಟ? ಟೀಚರಿಗೆ ಸ್ನಾನ ಮಾಡಿಸುವವರು ಯಾರಾದರೂ ಪರವಾಗಿರಲಿಲ್ಲ. ಆದರೆ ಬೆಳಿಗ್ಗೆ ಒಂದು ಗಂಟೆ ಮನೆಯಲ್ಲಿ ಯಾರೂ ಮಾತಾಡಬಾರದು, ಅವರು ಪೇಪರ್ ಓದಬೇಕು. ಅದನ್ನು ಕೇಳಿ ತಿಳಿಯಲು ನಮಗೆ ಎರಡು ತಿಂಗಳು ಬೇಕಾಯಿತು.

ಗೆಳೆಯರು, ನೆರೆಯವರ ಸರದಿ

ದುಡ್ಡು ಖರ್ಚಾಗುವುದಿಲ್ಲ, ಗೊತ್ತಿರುವ ಮುಖಗಳು, ಮನೆಗೆ ಜೀವ ಬರುತ್ತದೆ. ನಾಲ್ಕೈದು ಜನ ಸೇರಿದರೆ ಅಡುಗೆ, ಔಷಧಿ ತರುವುದು, ಡಾಕ್ಟರ್ ಹತ್ತಿರ ಕರೆದೊಯ್ಯುವುದು, ಬಿಲ್ ಕಟ್ಟುವುದು ಎಲ್ಲವೂ ಆಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಹಳೆಯ ಗೆಳೆಯರಿಗೆ ಆ ಮನುಷ್ಯರು ಹೇಗಿದ್ದರು ಎಂದು ಗೊತ್ತಿರುತ್ತದೆ.

ಒಂದು ಮಧ್ಯಾಹ್ನ ಟೀಚರ್ "ಗಂಟೆ ಹೊಡೀರಿ, ಮಕ್ಕಳು ಬಿಸಿಲಲ್ಲಿ ನಿಂತಿದಾರೆ" ಎಂದು ಪದೇ ಪದೇ ಹೇಳತೊಡಗಿದರು. ಹಗಲು ಇರುತ್ತಿದ್ದ ಸಹಾಯಕಿ "ವಯಸ್ಸಾಯ್ತಲ್ಲ, ಅರಳುಮರಳು" ಅಂದರು. ಅವರು ಬಂದು ಮೂರೇ ವಾರ ಆಗಿತ್ತು, ಅವರಿಗೆ ಹಾಗೆ ಕಂಡಿದ್ದು ಸಹಜ. ಅವತ್ತು ಸಂಜೆ ಪದಬಂಧ ಬಿಡಿಸಲು ಬರುತ್ತಿದ್ದ ಹಳೆಯ ಸಹೋದ್ಯೋಗಿ ಬಾಗಿಲಲ್ಲೇ ನಿಂತು, "ಮಂಗಳವಾರ ಪದಬಂಧ ಪೂರ್ತಿ ಬಿಡಿಸಿದ್ದರು, ಎರಡು ದಿನದಲ್ಲಿ ಹೀಗಾಗೋಕೆ ಸಾಧ್ಯವೇ ಇಲ್ಲ" ಅಂದರು. ಡಾಕ್ಟರಿಗೆ ತೋರಿಸಿದರೆ ಮೂತ್ರದ ಸೋಂಕು. ಔಷಧಿ ಬಿದ್ದು ಒಂದು ವಾರದಲ್ಲಿ ಟೀಚರ್ ಮತ್ತೆ ಮೊದಲಿನ ಟೀಚರ್ ಆದರು. ವಯಸ್ಸಾದವರಲ್ಲಿ ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಬಂದ ಗೊಂದಲ ಮರೆವಿನ ಕಾಯಿಲೆ ಅಂತ ಬಿಡಬೇಡಿ. ಸೋಂಕು, ನೀರು ಕಮ್ಮಿಯಾಗುವುದು, ಹೊಸ ಮಾತ್ರೆ, ಮಲಬದ್ಧತೆ, ಇವುಗಳಿಂದಲೂ ಹೀಗಾಗುತ್ತದೆ. ಅವತ್ತೇ ತೋರಿಸಬೇಕು.

ಈ ದಾರಿಯ ಕಷ್ಟವೂ ಕಮ್ಮಿಯಲ್ಲ. ಮೊದಲ ತಿಂಗಳು ಆರು ಜನ ಬರುತ್ತಾರೆ, ನಾಲ್ಕನೇ ತಿಂಗಳಿಗೆ ಇಬ್ಬರು ಉಳಿಯುತ್ತಾರೆ. ಅವರವರ ಮನೆ, ಅವರವರ ಕೆಲಸ, ಯಾರ ತಪ್ಪೂ ಅಲ್ಲ. ಹಾಗಾಗಿ "ಸಮಯ ಸಿಕ್ಕಾಗ ಬನ್ನಿ" ಅನ್ನಬೇಡಿ. ಚಿಕ್ಕ, ಖಚಿತ ಕೆಲಸ ಕೊಡಿ. ಬುಧವಾರ ಮಾತ್ರೆ ಡಬ್ಬಿ ತುಂಬುವುದು ಒಬ್ಬರು. ರಾತ್ರಿ 9ಕ್ಕೆ ಫೋನು ಒಬ್ಬರು. ಹಾಗೆ ಕೊಟ್ಟ ಕೆಲಸ ವರ್ಷಗಟ್ಟಲೆ ನಡೆಯುತ್ತದೆ. ಮೈ ತೊಳೆಯುವ, ಡೈಪರ್ ಬದಲಿಸುವ ಕೆಲಸವನ್ನು ಮಾತ್ರ ಸರದಿಗೆ ಹಾಕಬೇಡಿ. ನನ್ನ ಅನುಭವದಲ್ಲಿ ಅಲ್ಲಿಗೆ ಎರಡೂ ಕಡೆ ಮುಜುಗರ ಶುರುವಾಗಿ ಗೆಳೆತನ ಸೊರಗುತ್ತದೆ. ಅದಕ್ಕೆ ಸಂಬಳದವರೇ ಸರಿ.

ಹಗಲು ಬಂದು ಹೋಗುವವರು

ದಿನಕ್ಕೆ ಮೂರು ನಾಲ್ಕು ಗಂಟೆ. ಎಬ್ಬಿಸಿ, ಸ್ನಾನ ಮಾಡಿಸಿ, ಊಟ ಕೊಟ್ಟು, ಸ್ವಲ್ಪ ನಡೆಸಿ ಹೋಗುತ್ತಾರೆ. ಹಾಕಿದ ದುಡ್ಡಿಗೆ ಅತಿ ಹೆಚ್ಚು ಪ್ರಯೋಜನ ಸಿಗುವುದು ಈ ದಾರಿಯಲ್ಲಿ ಅನ್ನುವುದು ನನ್ನ ಅಭಿಪ್ರಾಯ. ದಿನಕ್ಕೆ 4 ಗಂಟೆ ಅಂದರೆ ವಾರಕ್ಕೆ 28 ಗಂಟೆ. 24 ಗಂಟೆಯ ಶಿಫ್ಟ್ ಅದರ ಆರು ಪಟ್ಟು. ಆ ನಾಲ್ಕು ಗಂಟೆಯನ್ನೂ ಒಟ್ಟಿಗೆ ಇಡಬೇಕಿಲ್ಲ. ಬೆಳಿಗ್ಗೆ ಎರಡು, ಮಲಗುವ ಮೊದಲು ಎರಡು ಎಂದು ಒಡೆದರೆ ಇನ್ನೂ ಒಳ್ಳೆಯದು. ಸಂಜೆಯ ಹೊತ್ತಿಗೆ ಬಾತ್‌ರೂಮಿಗೆ ಕರೆದೊಯ್ದು, ಮಾತ್ರೆ ಕೊಟ್ಟು, ವಾಕರ್ ಕೈಗೆಟಕುವಲ್ಲಿ ಇಟ್ಟು, ದಾರಿಯಲ್ಲಿ ಸಣ್ಣ ದೀಪ ಹಾಕಿ ಹೋದರೆ ರಾತ್ರಿಯ ಅರ್ಧ ಭಯ ಕಳೆಯುತ್ತದೆ.

ಯಾರಿಗೆ ಹೊಂದುತ್ತದೆ? ವಾಕರ್ ಹಿಡಿದಾದರೂ ತಾವೇ ಎದ್ದು ಬಾತ್‌ರೂಮಿಗೆ ಹೋಗಿಬರುವವರಿಗೆ. ಫೋನ್ ಎತ್ತಿ ಮಾತಾಡಬಲ್ಲವರಿಗೆ. ಮರೆವು ಜಾಸ್ತಿಯಾಗಿ ಗ್ಯಾಸ್ ಹಚ್ಚಿಟ್ಟು ಮರೆಯುವವರಿಗೆ, ಬಾಗಿಲು ತೆಗೆದು ಹೊರಗೆ ನಡೆದುಬಿಡುವವರಿಗೆ ಇದು ಸಾಲದು.

ಇಲ್ಲಿ ಇನ್ನೊಂದು ಗೊಂದಲ ಬಿಡಿಸಬೇಕು. ಸಹಾಯಕಿ ಬೇರೆ, ನರ್ಸ್ ಬೇರೆ. ಗಾಯಕ್ಕೆ ಡ್ರೆಸ್ಸಿಂಗ್, ಇಂಜೆಕ್ಷನ್, ಕ್ಯಾಥೆಟರ್ ಅಂದರೆ ಮೂತ್ರದ ನಳಿಕೆ ಬದಲಿಸುವುದು ತರಬೇತಾದ ನರ್ಸ್ ಕೆಲಸ. ಮೂಗಿನ ನಳಿಕೆಯ ಊಟವನ್ನೂ ನರ್ಸ್ ನಿಂತು ಕಲಿಸಿಕೊಡುವವರೆಗೆ ಬೇರೆಯವರು ಮುಟ್ಟಬಾರದು. ಸ್ನಾನ, ಊಟ, ನಡಿಗೆ, ಮಗ್ಗಲು ಬದಲಿಸುವುದು ಅನುಭವಿ ಸಹಾಯಕಿಯರು ಮಾಡುತ್ತಾರೆ. ದಿನಕ್ಕೆ ಹದಿನೈದು ನಿಮಿಷದ ನರ್ಸ್ ಕೆಲಸಕ್ಕಾಗಿ ಹನ್ನೆರಡು ಗಂಟೆ ನರ್ಸ್ ಇಟ್ಟುಕೊಂಡು ಕೂಡಿಟ್ಟ ದುಡ್ಡು ಕರಗಿಸಿದವರನ್ನು ನೋಡಿದ್ದೇನೆ. ನರ್ಸ್ ಒಂದು ಸಲ ಬಂದು ಹೋಗಲಿ, ಉಳಿದ ಹೊತ್ತಿಗೆ ಸಹಾಯಕಿ ಇರಲಿ.

ಏಜೆನ್ಸಿಯೋ, ನೇರವೋ?

ಏಜೆನ್ಸಿಯವರಾದರೆ ಒಬ್ಬರು ರಜೆ ಹಾಕಿದಾಗ ಇನ್ನೊಬ್ಬರನ್ನು ಕಳಿಸಬೇಕು. ನೀವು ಕೊಡುವ ದುಡ್ಡಿನಲ್ಲಿ ಒಂದು ಪಾಲು ಇದಕ್ಕೇ ಹೋಗುತ್ತದೆ. ಹಾಗಾಗಿ ಎಷ್ಟು ಗಂಟೆಯೊಳಗೆ ಬದಲಿ ಜನ ಬರುತ್ತಾರೆ ಅನ್ನುವುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ನಮಗೆ ಒಂದು ಏಜೆನ್ಸಿ ಒಂದೇ ತಿಂಗಳಲ್ಲಿ ಐದು ಹೊಸ ಮುಖ ಕಳಿಸಿತು. ಪ್ರತಿಯೊಬ್ಬರಿಗೂ ಟೀಚರ್ ತಮ್ಮ ಆಪರೇಷನ್ ಕಥೆ ಮೊದಲಿನಿಂದ ಹೇಳಬೇಕಾಯಿತು. ಐದನೆಯವರಿಗೆ ಹೇಳದೆ ಗೋಡೆ ಕಡೆ ತಿರುಗಿ ಮಲಗಿದರು.

ನೇರವಾಗಿ ಇಟ್ಟುಕೊಂಡರೆ ಒಂದೇ ಮುಖ, ಅವರ ಕೈಗೆ ಪೂರ್ತಿ ಸಂಬಳ, ನಂಟು ಬೆಳೆಯುತ್ತದೆ. ಆದರೆ ಆಗ ಯಜಮಾನರು ನೀವೇ. ವಾರದ ರಜೆ, ಕೆಲಸ ಮಾಡುವಾಗ ಅವರಿಗೆ ಪೆಟ್ಟಾದರೆ ಚಿಕಿತ್ಸೆ, ಬದಲಿ ಜನ, ಹಿಂದೆ ಕೆಲಸ ಮಾಡಿದ ಮನೆಯವರ ಹತ್ತಿರ ವಿಚಾರಿಸುವುದು, ಎಲ್ಲವೂ ನಿಮ್ಮದೇ ತಲೆ ಮೇಲೆ. ಪಕ್ಕದಲ್ಲೇ ಇದ್ದು ದಿನವೂ ಹೋಗಿಬರುವವರು ನೇರವಾಗಿ ಇಟ್ಟುಕೊಳ್ಳಿ ಅನ್ನುತ್ತೇನೆ. ನೀವು ದೂರದಲ್ಲಿದ್ದು ಫೋನಿನಲ್ಲೇ ನಡೆಸಬೇಕು ಅಂದರೆ ಏಜೆನ್ಸಿ ಲೇಸು, ಖರ್ಚು ಜಾಸ್ತಿಯಾದರೂ.

ಮನೆಯಲ್ಲೇ ಉಳಿಯುವವರು

ಒಬ್ಬರೇ ಹಗಲೂ ರಾತ್ರಿ ಇರುತ್ತಾರೆ ಅಂದ ಕೂಡಲೇ ಎಲ್ಲ ಸಮಸ್ಯೆ ಮುಗಿಯಿತು ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಬಂದವರು ಒಳ್ಳೆಯ ಹೆಂಗಸು, ಕೈಯಲ್ಲಿ ಕೆಲಸ ಇತ್ತು, ಮಾತಿನಲ್ಲಿ ಪ್ರೀತಿ ಇತ್ತು. ಟೀಚರ್ ಆಗ ರಾತ್ರಿ ನಾಲ್ಕು ಸಲ ಏಳುತ್ತಿದ್ದರು. ಮೂರನೇ ವಾರ ನಾನು ಬೆಳಿಗ್ಗೆ ಹೋದಾಗ ಆಕೆ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತುಕೊಂಡೇ ತೂಕಡಿಸುತ್ತಿದ್ದರು. ಒಲೆ ಉರಿಯುತ್ತಿತ್ತು. "ಅಕ್ಕಾ, ಒಂದೇ ಒಂದು ರಾತ್ರಿ ಪೂರ್ತಿ ನಿದ್ದೆ ಸಿಕ್ಕಿದರೆ ಸಾಕು" ಅಂದರು. ನಾನು ಅಷ್ಟು ದಿನ ಅದನ್ನು ಯೋಚಿಸಿಯೇ ಇರಲಿಲ್ಲ.

ಉಳಿಯುವವರಿಗೂ ನಿದ್ದೆ ಬೇಕು, ವಾರಕ್ಕೊಂದು ಪೂರ್ತಿ ರಜೆ ಬೇಕು, ಬಾಗಿಲು ಹಾಕಿಕೊಳ್ಳುವಂಥ ಒಂದು ಜಾಗ ಬೇಕು, ದಿನಕ್ಕೆ ಒಂದೆರಡು ಗಂಟೆ ಹೊರಗೆ ಹೋಗುವ ಬಿಡುವು ಬೇಕು. ಇದನ್ನು ಕೊಡಲು ಆಗದಿದ್ದರೆ ಈ ದಾರಿ ಹಿಡಿಯಬೇಡಿ. ರಾತ್ರಿ ಒಂದೆರಡು ಸಲ ಎಬ್ಬಿಸುವ ಹಿರಿಯರಿಗೆ ಉಳಿಯುವ ಒಬ್ಬರು ಸಾಕು. ಅದಕ್ಕಿಂತ ಜಾಸ್ತಿ ಅಂದರೆ ವಾರದಲ್ಲಿ ಎರಡು ಮೂರು ರಾತ್ರಿಗೆ ಬೇರೆಯವರು ಬರಬೇಕು. ನಾವು ಕೊನೆಗೆ ಹಾಗೇ ಮಾಡಿದೆವು, ಆಕೆ ಮತ್ತೆ ಒಂದು ವರ್ಷ ನಮ್ಮ ಜೊತೆ ಇದ್ದರು.

ಹಣದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಒಂಟಿ ಹಿರಿಯರು, ಜೊತೆಗೆ ಒಬ್ಬರೇ ಇರುವವರು, ನೋಡುವವರು ಬೇರೆ ಯಾರೂ ಇಲ್ಲ. ಇಂಥ ಕಡೆ ಒಳ್ಳೆಯವರ ಮೇಲೂ ಅನುಮಾನ ಬರುತ್ತದೆ, ಕೆಟ್ಟವರಿಗೆ ದಾರಿಯೂ ಸಿಗುತ್ತದೆ. ಎಟಿಎಂ ಕಾರ್ಡು, ಪಾಸ್‌ವರ್ಡ್ ಯಾವತ್ತೂ ಸಂಬಳದವರ ಕೈಗೆ ಬೇಡ. ಮನೆ ಖರ್ಚಿಗೆ ವಾರಕ್ಕೊಮ್ಮೆ ಒಂದಿಷ್ಟು ಕೈಗೆ ಕೊಡಿ, ಚೀಟಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿಸಿ. ಮೇಲ್ವಿಚಾರಣೆ ಮಾಡುವ ನಿಮ್ಮ ಲೆಕ್ಕವನ್ನೂ ತಿಂಗಳಿಗೊಮ್ಮೆ ಇನ್ನೊಬ್ಬರು ನೋಡಲಿ. ಅದು ನಿಮಗೇ ರಕ್ಷಣೆ. ನಾಳೆ ದೂರದ ನೆಂಟರೊಬ್ಬರು ಬಂದು ಕೇಳಿದರೆ ಪುಸ್ತಕ ತೆಗೆದು ತೋರಿಸಬಹುದು.

ಶಿಫ್ಟ್ ಮೇಲೆ 24 ಗಂಟೆ

ಪೂರ್ತಿ ಮಲಗಿದವರಿಗೆ, ರಾತ್ರಿಯೆಲ್ಲ ಎಚ್ಚರ ಇರುವವರಿಗೆ ಇದು ಸರಿಯಾದ ದಾರಿ. ವಾರಕ್ಕೆ 8 ಗಂಟೆಯ 21 ಶಿಫ್ಟ್. ರಜೆ, ಜ್ವರ, ಹಬ್ಬ ಎಲ್ಲ ಸೇರಿಸಿದರೆ ನಾಲ್ಕೈದು ಜನರ ತಂಡ ಬೇಕಾಗುತ್ತದೆ. ಖರ್ಚು ಎಲ್ಲಕ್ಕಿಂತ ಜಾಸ್ತಿ. ಬಹುತೇಕರಿಗೆ ತಿಂಗಳುಗಟ್ಟಲೆ ನಿಭಾಯಿಸಲು ಆಗುವುದಿಲ್ಲ. ಆದರೆ ಆಪರೇಷನ್ ಆದ ಮೊದಲ ಎರಡು ವಾರ, ಅಥವಾ ಕೊನೆಯ ದಿನಗಳಲ್ಲಿ, ಇಷ್ಟು ದಿನಕ್ಕೆ ಮಾತ್ರ ಎಂದು ಲೆಕ್ಕ ಹಾಕಿ ಇಟ್ಟುಕೊಳ್ಳಬಹುದು. ಕೂಡಿಟ್ಟ ದುಡ್ಡಿನಲ್ಲಿ ಒಂದು ಪಾಲು ಇದಕ್ಕೆಂದೇ ಎತ್ತಿಡಿ. ಶಿಫ್ಟ್ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ಬಾಯಿಮಾತಲ್ಲಿ ಹೇಳಿದ್ದು ಕಳೆದುಹೋಗುತ್ತದೆ. ನೋಟ್‌ಬುಕ್ ಹಾಸಿಗೆ ಪಕ್ಕದಲ್ಲೇ ಇರಲಿ.

ಬಾಡಿಗೆಯ ಬದಲು ಜೊತೆ

ಮನೆಯಲ್ಲಿ ಒಂದು ಕೋಣೆ ಖಾಲಿ ಇದ್ದರೆ ಓದುವ ಹುಡುಗಿಯನ್ನೋ ಕೆಲಸಕ್ಕೆ ಹೋಗುವವರನ್ನೋ ಬಾಡಿಗೆ ಇಲ್ಲದೆ ಇರಿಸಿಕೊಂಡು, ರಾತ್ರಿ ಮನೆಯಲ್ಲಿರಬೇಕು ಎಂಬ ಒಪ್ಪಂದ ಮಾಡಿಕೊಳ್ಳುವುದು. ಓಡಾಡಿಕೊಂಡಿರುವ, ರಾತ್ರಿ ಒಂಟಿತನಕ್ಕೆ ಹೆದರುವ ಹಿರಿಯರಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಅವರು ಆರೈಕೆಗೆ ಬಂದವರಲ್ಲ. ಕಾಯಿಲೆ ಜಾಸ್ತಿಯಾದಂತೆ ಮೆಲ್ಲಗೆ ಒಂದೊಂದೇ ಕೆಲಸ ಅವರ ಮೇಲೆ ಬೀಳುತ್ತದೆ, ಕೊನೆಗೆ ಓದು ಬಿಟ್ಟು ಡೈಪರ್ ಬದಲಿಸುವ ಸ್ಥಿತಿ ಬರುತ್ತದೆ. ಏನು ಮಾಡಬೇಕು, ಏನು ಮಾಡಬೇಕಿಲ್ಲ, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು, ಮೂರನ್ನೂ ಬರೆದಿಡಿ.

ಯಂತ್ರಗಳು

ಕೊರಳಲ್ಲಿ ಅಥವಾ ಮಣಿಕಟ್ಟಿನಲ್ಲಿ ಕಟ್ಟಿಕೊಳ್ಳುವ ತುರ್ತು ಬಟನ್, ಬಿದ್ದರೆ ತಾನೇ ಕರೆ ಮಾಡುವ ಗಡಿಯಾರ, ಹೊತ್ತಿಗೆ ಸದ್ದು ಮಾಡುವ ಮಾತ್ರೆ ಡಬ್ಬಿ. ಒಂದು ಸಲದ ಖರ್ಚು ಅಥವಾ ತಿಂಗಳಿಗೆ ಸ್ವಲ್ಪ. ಬಟನ್ ಒತ್ತಿದರೆ ಕರೆ ಯಾರಿಗೆ ಹೋಗುತ್ತದೆ, ಅವರ ಹತ್ತಿರ ಮನೆಯ ಕೀ ಇದೆಯೇ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಟೀಚರ್ ಬಟನ್ ತೆಗೆದು ಬಾತ್‌ರೂಮಿನ ಹೊರಗಿನ ಮೊಳೆಗೆ ನೇತುಹಾಕಿ ಸ್ನಾನಕ್ಕೆ ಹೋಗುತ್ತಿದ್ದರು, ನೆನೆಯುತ್ತದೆ ಅಂತ. ನೆನೆದರೂ ಹಾಳಾಗದ್ದನ್ನೇ ತಗೊಳ್ಳಿ. ಕ್ಯಾಮೆರಾ ಬೇಕಾದರೆ ಅವರನ್ನು ಕೇಳಿ, ಕೆಲಸದವರಿಗೂ ತಿಳಿಸಿ ಹಾಕಿ. ಬಟ್ಟೆ ಬದಲಿಸುವಲ್ಲಿ ಬೇಡ.

ಮನೆಗೆ ಬರುವ ಪ್ಯಾಲಿಯೇಟಿವ್ ತಂಡ

ಇದನ್ನು ನಾವು ತಡವಾಗಿ ಕೇಳಿದೆವು ಅನ್ನುವ ಬೇಸರ ನನಗೆ ಈಗಲೂ ಇದೆ. ಪ್ಯಾಲಿಯೇಟಿವ್, ಅಂದರೆ ನೋವು ಸಂಕಟ ಕಮ್ಮಿ ಮಾಡುವ ಆರೈಕೆ, ಇನ್ನೇನು ಸಾಯುವವರಿಗೆ ಮಾತ್ರ ಎಂದುಕೊಂಡಿದ್ದೆ. ಹಾಗಲ್ಲ. ಗುಣವಾಗದ ಹೃದಯದ ಕಾಯಿಲೆ, ಶ್ವಾಸಕೋಶದ ಕಾಯಿಲೆ, ಕ್ಯಾನ್ಸರ್, ಡಿಮೆನ್ಷಿಯಾ, ಇವೆಲ್ಲದರಲ್ಲೂ ಬೇರೆ ಚಿಕಿತ್ಸೆಯ ಜೊತೆಗೇ ಇದನ್ನು ಶುರು ಮಾಡಬಹುದು. 1967ರಲ್ಲಿ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ ಲಂಡನ್‌ನಲ್ಲಿ ಇಂಥ ಆರೈಕೆಗೆಂದೇ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಎಂಬ ಕೇಂದ್ರ ತೆರೆದರು. ಎರಡೇ ವರ್ಷಕ್ಕೆ, 1969ರಲ್ಲಿ, ಅಲ್ಲಿನ ನರ್ಸ್‌ಗಳು ರೋಗಿಗಳ ಮನೆಗೂ ಹೋಗಲು ಶುರು ಮಾಡಿದರು.

ತಂಡದವರು ನೋವು, ಉಬ್ಬಸ, ವಾಂತಿ, ನಿದ್ದೆ ನೋಡುತ್ತಾರೆ. ಮಾತ್ರೆಗಳ ಪಟ್ಟಿ ಕುಳಿತು ನೋಡಿ ಬೇಡದ್ದನ್ನು ತೆಗೆಸುತ್ತಾರೆ. ಟೀಚರಿಗೆ ಹನ್ನೊಂದು ಇದ್ದದ್ದು ಆರಕ್ಕೆ ಇಳಿಯಿತು. ಎಷ್ಟೋ ಕಡೆ ಈ ಸೇವೆ ಉಚಿತ ಅಥವಾ ಕಮ್ಮಿ ಖರ್ಚಿನದು. ಆದರೆ ಇವರು ಬಂದು ಹೋಗುವವರು. ಮಗ್ಗಲು ಬದಲಿಸುವ ಕೈ ಬೇರೆ ಇರಲೇಬೇಕು. ಮೇಲಿನ ಯಾವುದಾದರೊಂದು ದಾರಿಯ ಜೊತೆಗೆ ಸೇರಿಸಿಕೊಳ್ಳಬೇಕಾದದ್ದು ಇದು.

ಹಾಗಾದರೆ ಯಾರಿಗೆ ಯಾವುದು?

ನಡೆದಾಡುತ್ತಾರೆ, ಬುದ್ಧಿ ಚೆನ್ನಾಗಿದೆ, ದುಡ್ಡು ಕಮ್ಮಿ. ಇವರಿಗೆ ಗೆಳೆಯರ ಸರದಿ, ತುರ್ತು ಬಟನ್, ಸ್ನಾನದ ದಿನ ಮಾತ್ರ ಬರುವ ಸಹಾಯಕಿ. ಕೋಣೆ ಖಾಲಿ ಇದ್ದರೆ ಜೊತೆಗೆ ಒಬ್ಬರು.

ವಾಕರ್ ಹಿಡಿದು ನಡೆಯುತ್ತಾರೆ, ರಾತ್ರಿ ಒಂದೆರಡು ಸಲ ಏಳುತ್ತಾರೆ, ದುಡ್ಡು ಮಧ್ಯಮ. ಬೆಳಿಗ್ಗೆ ಸಂಜೆ ಒಡೆದ ನಾಲ್ಕು ಗಂಟೆ ಸಹಾಯ ಸಾಕು. ಹಾಸಿಗೆ ಪಕ್ಕ ಕಮೋಡ್ ಕುರ್ಚಿ ಇಡಿ, ರಾತ್ರಿಯ ಓಡಾಟವೇ ತಪ್ಪುತ್ತದೆ. ಉಳಿಯುವವರನ್ನು ಇಟ್ಟುಕೊಳ್ಳಲು ಆತುರ ಬೇಡ.

ಬುದ್ಧಿ ಕೈಕೊಡುತ್ತಿದೆ, ಮೈ ಗಟ್ಟಿಯಾಗಿದೆ. ಜನ ಅತಿ ತಪ್ಪು ಲೆಕ್ಕ ಹಾಕುವುದು ಇಲ್ಲೇ. ನಡೆದಾಡುತ್ತಾರಲ್ಲ ಅಂತ ಸುಮ್ನೆ ಬಿಡುತ್ತಾರೆ. ಇವರಿಗೆ ಕೈಗಿಂತ ಕಣ್ಣು ಜಾಸ್ತಿ ಬೇಕು. ಒಂಟಿಯಾಗಿ ಬಿಡುವ ಹೊತ್ತು ಇರಲೇಬಾರದು. ಉಳಿಯುವ ಒಬ್ಬರು, ಅವರ ಬಿಡುವಿಗೆ ಗೆಳೆಯರು, ಮುಖಗಳು ಆದಷ್ಟು ಬದಲಾಗದಂತೆ.

ಪೂರ್ತಿ ಮಲಗಿದ್ದಾರೆ. ಉಳಿಯುವ ಒಬ್ಬರು, ಬೆಳಿಗ್ಗೆ ಸ್ನಾನಕ್ಕೆ ಎತ್ತಲು ಎರಡನೆಯವರು, ವಾರದಲ್ಲಿ ಕೆಲವು ರಾತ್ರಿ ಬೇರೆಯವರು, ಜೊತೆಗೆ ಪ್ಯಾಲಿಯೇಟಿವ್ ತಂಡ. ಇಷ್ಟಕ್ಕೆ ದುಡ್ಡು ಇಲ್ಲ, ಜನರೂ ಇಲ್ಲ ಅಂದರೆ ಆರೈಕೆ ಕೇಂದ್ರವೇ ಸುರಕ್ಷಿತ. ಅದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಎತ್ತಲು ಇಬ್ಬರು ಬೇಕಾದವರನ್ನು ಒಬ್ಬರೇ ಎತ್ತುವ ಮನೆಗಿಂತ, ಇಬ್ಬರು ಎತ್ತುವ ಕೇಂದ್ರ ಆ ಮೈಗೆ ಸುಖ. ಅಲ್ಲಿಗೆ ಹೋದಮೇಲೂ ಬುಧವಾರದ ಗೆಳೆಯರು ಬುಧವಾರ ಹೋಗಲಿ.

ಯಾರೇ ಇರಲಿ, ಇವನ್ನು ನೀವೇ ನೋಡಿ

ಒಂದು ಸಂಜೆ ಟೀಚರ್ ಕಾಲಿಗೆ ಚೆಂದವಾಗಿ ಕಾಲುಚೀಲ ಹಾಕಿತ್ತು. ಯಾಕೋ ತೆಗೆದು ನೋಡಿದೆ. ಎಡ ಹಿಮ್ಮಡಿಯಲ್ಲಿ ನಾಣ್ಯದಷ್ಟು ಕೆಂಪು. ಬೆರಳಿನಿಂದ ಒತ್ತಿ ಬಿಟ್ಟೆ. ಬೆಳ್ಳಗಾಗಿ ಮತ್ತೆ ಕೆಂಪಾಗಬೇಕಿತ್ತು, ಆಗಲಿಲ್ಲ. ಕೆಂಪಗೇ ಉಳಿಯಿತು. ಬೆಡ್ ಸೋರ್, ಅಂದರೆ ಮಲಗಿದಲ್ಲೇ ಒತ್ತಿ ಆಗುವ ಹುಣ್ಣು, ಶುರುವಾಗುವುದು ಹೀಗೆ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದಿರಬಹುದು. ಅಲ್ಲಿ ಮುಟ್ಟಿ ನೋಡಬೇಕು, ಸುತ್ತಲಿಗಿಂತ ಬಿಸಿಯಾಗಿ, ಗಟ್ಟಿಯಾಗಿ ಇದ್ದರೆ ಅದೇ ಸೂಚನೆ. ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಏನಕ್ಕೂ ತಾಗದಂತೆ ಎತ್ತಿಟ್ಟೆವು, ಹತ್ತು ದಿನದಲ್ಲಿ ಹೋಯಿತು. ಇನ್ನೆರಡು ದಿನ ಕಾಲುಚೀಲ ತೆಗೆಯದಿದ್ದರೆ ಗಾಯವೇ ಆಗುತ್ತಿತ್ತು. ಮಲಗಿದವರ ಮಗ್ಗಲನ್ನು ಸಾಮಾನ್ಯವಾಗಿ 2 ಗಂಟೆಗೊಮ್ಮೆ ಬದಲಿಸಬೇಕು. ಒಳ್ಳೆಯ ಹಾಸಿಗೆ ಇದ್ದರೆ ನರ್ಸ್ ನೋಡಿ ಅಂತರ ಹೆಚ್ಚಿಸುತ್ತಾರೆ. ಏರ್ ಬೆಡ್ ಇದೆ ಅಂತ ಮಗ್ಗಲು ಬದಲಿಸುವುದನ್ನೇ ಬಿಡುವುದು ತಪ್ಪು.

ಊಟ ಯಾವಾಗಲೂ ಕೂರಿಸಿಯೇ. ಮುಗಿದ ಮೇಲೂ ಅರ್ಧ ಗಂಟೆ ಕೂತಿರಲಿ. ಮಲಗಿಸಿ ತಿನ್ನಿಸಿದ್ದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಪ್ರತಿ ಸಲ ಊಟ ಮಾಡುವಾಗ ಕೆಮ್ಮು ಬರುತ್ತಿದ್ದರೆ ಡಾಕ್ಟರಿಗೆ ಹೇಳಿ.

ವಾರಕ್ಕೊಮ್ಮೆ ಹೇಳದೆ ಹೋಗಿ, ಊಟದ ಹೊತ್ತಿಗೆ ಅಥವಾ ರಾತ್ರಿ. ಹಿಮ್ಮಡಿ, ಸೊಂಟದ ಹಿಂಭಾಗ, ಉಗುರು, ಬಾಯಿ ನೋಡಿ. ಮಾತ್ರೆ ಡಬ್ಬಿಯಲ್ಲಿ ಉಳಿದದ್ದನ್ನು ಎಣಿಸಿ. ಕೆಲಸದವರನ್ನು ಹೊರಗೆ ಕಳಿಸಿ ಅವರೊಬ್ಬರ ಹತ್ತಿರ ಹತ್ತು ನಿಮಿಷ ಕೂತು ಕೇಳಿ, ಚೆನ್ನಾಗಿ ನೋಡ್ಕೊಳ್ತಾರಾ ಅಂತ. ಆಮೇಲೆ ಕೆಲಸದವರನ್ನೂ ಕೂರಿಸಿ ಕೇಳಿ, ನಿಮಗೆ ನಿದ್ದೆ ಆಗ್ತಿದೆಯಾ ಅಂತ.

ಯಾವ ವ್ಯವಸ್ಥೆ ಮಾಡಿದರೂ ಮೊದಲಿಗೆ ಹದಿನೈದು ದಿನಕ್ಕೆ ಅಂತ ಮಾಡಿ. ಹದಿನಾರನೇ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಎಲ್ಲರೂ ಆ ಹಾಸಿಗೆ ಪಕ್ಕದಲ್ಲೇ ಕೂತು ಮಾತಾಡಿ. ನಮ್ಮ ಮೊದಲ ಸಭೆಯಲ್ಲಿ ನಾವೇ ಅರ್ಧ ಗಂಟೆ ಮಾತಾಡಿದೆವು. ಆಮೇಲೆ ಟೀಚರ್ ಕನ್ನಡಕ ತೆಗೆದು, "ನೋಡಮ್ಮ, ನನ್ನನ್ನೂ ಒಂದು ಮಾತು ಕೇಳಿ" ಅಂದರು. ಅವರಿಗೆ ಬೇಕಾಗಿದ್ದದ್ದು ಮಂಚವನ್ನು ಕಿಟಕಿ ಕಡೆ ತಿರುಗಿಸುವುದು. ಅವತ್ತೇ ತಿರುಗಿಸಿದೆವು.